ರ‍್ಯಾಮ್ ಸಾಲದ ಕಾಲ

ಕನಕಪುರ ರಸ್ತೆಯಲ್ಲಿ ಸಾರಕ್ಕಿ ಸಿಗ್ನಲ್ ದಾಟಿ ದಕ್ಷಿಣಕ್ಕೆ ಹೊರಟರೆ ಸಿಗುವ ಜರಗನಹಳ್ಳಿ, ಕನ್ನಡದ ಓದುಗರಲ್ಲಿ ಬಹಳ ಜನಕ್ಕೆ ಪರಿಚಯವಾದದ್ದು ಒಬ್ಬ ಕವಿಯ ಹೆಸರಿನ ಮೂಲಕ. ಹನಿಗವನಗಳ ಜರಗನಹಳ್ಳಿ ಶಿವಶಂಕರ್ 2021ರಲ್ಲಿ ತೀರಿಕೊಂಡರು. ಅಷ್ಟು ಹೊತ್ತಿಗೆ ಅವರ ಹೆಸರಿನಲ್ಲಿದ್ದ ಹಳ್ಳಿ ಹಳ್ಳಿಯಾಗಿ ಉಳಿದಿರಲಿಲ್ಲ. 2010ರ ಪಾಲಿಕೆ ಚುನಾವಣೆಯಲ್ಲಿ ಅದು 186ನೇ ವಾರ್ಡ್. 2017ರ ಜೂನ್‌ನಲ್ಲಿ ಹಸಿರು ಮಾರ್ಗದ ಮೆಟ್ರೊ ಯಲಚೇನಹಳ್ಳಿಯವರೆಗೆ ಓಡತೊಡಗಿದ ಮೇಲೆ, ಇಲ್ಲಿನ ಹುಡುಗರಿಗೆ ಒಂದು ಹಳೆಯ ಪ್ರಯಾಣ ಸಲೀಸಾಯಿತು: ಜೆ.ಪಿ. ನಗರದಲ್ಲಿ ಹತ್ತಿ ಕೆ.ಆರ್. ಮಾರ್ಕೆಟ್‌ನಲ್ಲಿ ಇಳಿದರೆ ಎಸ್.ಪಿ. ರೋಡ್ ಕಾಲ್ನಡಿಗೆಯ ದೂರ.

ಎಸ್.ಪಿ. ರೋಡ್, ಅಂದರೆ ಸಾದರ ಪತ್ರಪ್ಪ ರಸ್ತೆ, ಬೆಂಗಳೂರಿನ ಕಂಪ್ಯೂಟರ್ ಬಿಡಿಭಾಗಗಳ ಪೇಟೆ. ಮದರ್‌ಬೋರ್ಡು, ಕೇಬಲ್ಲು, ಕೀಬೋರ್ಡು ಏನು ಬೇಕಿದ್ದರೂ ಅಲ್ಲಿ ಸಿಗುತ್ತದೆ. ಆದರೆ ಗೇಮ್ ಆಡುವ ಹುಡುಗರನ್ನು ಮತ್ತೆ ಮತ್ತೆ ಅಲ್ಲಿಗೆ ಎಳೆದುಕೊಂಡು ಹೋದ ಸಾಮಾನು ರ‍್ಯಾಮ್. ಹೊಸ ಗೇಮ್ ಬಂತು, ಸಿಸ್ಟಂ ಎಳೆಯುತ್ತಿಲ್ಲ, ರ‍್ಯಾಮ್ ಹಾಕಿಸಬೇಕು. ಮನೆಯಲ್ಲಿ ಅಪ್ಪನಿಗೆ ‘ಪ್ರಾಜೆಕ್ಟ್‌ಗೆ ಬೇಕು’ ಎಂದು ಹೇಳಿ ದುಡ್ಡು ಹೊಂದಿಸಿ ತಂದು ಹಾಕಿದ ಮೇಲೂ ಗೇಮ್ ಹ್ಯಾಂಗ್ ಆದಾಗ ಬೈಗುಳ ಅಂಗಡಿಯವನ ಪಾಲಿಗೆ. ಬಹಳ ಸಲ ತಪ್ಪು ಅಂಗಡಿಯವನದೂ ಅಲ್ಲ, ರ‍್ಯಾಮ್‌ನದೂ ಅಲ್ಲ. ಯಂತ್ರದೊಳಗೆ ಎಷ್ಟು ಮೆಮೊರಿ ಇದ್ದರೂ ಇಷ್ಟೇ ಬಳಸುತ್ತೇನೆ ಎಂದು ಆಪರೇಟಿಂಗ್ ಸಿಸ್ಟಂ ಒಂದು ಗೆರೆ ಎಳೆದುಕೊಂಡು ಕೂತಿರುತ್ತಿತ್ತು. ಆ ಗೆರೆಯ ಇತಿಹಾಸ ಮತ್ತು ಅದರ ಸುತ್ತ ಬೆಳೆದ ಅಸೆಂಬ್ಲಿ ಅಂಗಡಿ, ಸೈಬರ್ ಕೆಫೆಗಳ ಕಸುಬಿನ ಇತಿಹಾಸ ಒಂದಕ್ಕೊಂದು ಹೆಣೆದುಕೊಂಡಿವೆ.

ಮೊದಲ ಗೆರೆ 1981ರದು. ಐಬಿಎಂ ಆ ವರ್ಷ ತಂದ ಪರ್ಸನಲ್ ಕಂಪ್ಯೂಟರ್‌ನಲ್ಲಿದ್ದ ಇಂಟೆಲ್ 8088 ಚಿಪ್‌ಗೆ ಮೆಮೊರಿಯ ವಿಳಾಸ ಹೇಳಲು ಇದ್ದದ್ದು 20 ತಂತಿಗಳು. ಇಪ್ಪತ್ತು ತಂತಿಗಳಲ್ಲಿ ಹೇಳಬಹುದಾದ ವಿಳಾಸಗಳು ಒಟ್ಟು 10,48,576, ಅಂದರೆ ಒಂದು ಎಂಬಿ. ಐಬಿಎಂನ ಎಂಜಿನಿಯರುಗಳು ಇದನ್ನು ಬಿಡಿಎ ಬಡಾವಣೆಯ ನಕ್ಷೆಯಂತೆ ಹಂಚಿದರು: ಮನೆ ಕಟ್ಟುವ ಮೊದಲೇ ಪಾರ್ಕಿಗೆ, ಸಿ.ಎ. ಸೈಟಿಗೆ ಜಾಗ ಮೀಸಲಿಡುವ ಹಾಗೆ, ಮೇಲಿನ 384 ಕೆಬಿಯನ್ನು ಪರದೆಗೆ, ಬಯಾಸ್‌ಗೆ, ವಿಸ್ತರಣಾ ಕಾರ್ಡುಗಳಿಗೆ ತೆಗೆದಿಟ್ಟರು. ಪ್ರೋಗ್ರಾಂಗಳಿಗೆ ಉಳಿದದ್ದು 640 ಕೆಬಿ. ‘640 ಕೆಬಿ ಯಾರಿಗಾದರೂ ಸಾಕು’ ಎಂದು ಬಿಲ್ ಗೇಟ್ಸ್ ಹೇಳಿದರೆಂಬ ಮಾತು ಇಂದಿಗೂ ಓಡಾಡುತ್ತದೆ. ಅಂಥ ಮಾತು ಆಡಿಲ್ಲವೆಂದು ಗೇಟ್ಸ್ ಹಲವು ಸಲ ಅಲ್ಲಗಳೆದಿದ್ದಾರೆ. ಹೇಳಿರಲಿ ಬಿಡಲಿ, ಆ ಕಾಲಕ್ಕೆ ಅದು ಧಾರಾಳವಾದ ಜಾಗವೇ ಆಗಿತ್ತು.

ತೊಂದರೆ ಶುರುವಾದದ್ದು ಚಿಪ್ ಬೆಳೆದ ಮೇಲೆ. 1982ರ 80286 ಚಿಪ್ 16 ಎಂಬಿ ಮುಟ್ಟಬಲ್ಲದಾಗಿತ್ತು, 1985ರ 80386 ನಾಲ್ಕು ಜಿಬಿ. ಆದರೆ ಅವುಗಳ ಮೇಲೆ ಓಡುತ್ತಿದ್ದ ಡಾಸ್ ಎಂಬ ಆಪರೇಟಿಂಗ್ ಸಿಸ್ಟಂ ಮಾತ್ರ ಹಳೆಯ ಪ್ರೋಗ್ರಾಂಗಳು ಕೆಡಬಾರದೆಂದು ಹಳೆಯ ನಕ್ಷೆಯನ್ನೇ ಹಿಡಿದುಕೊಂಡಿತ್ತು. ಹೀಗಾಗಿ ನಾಲ್ಕು ಎಂಬಿ ರ‍್ಯಾಮ್ ಇರುವ ಯಂತ್ರದ ಪರದೆಯ ಮೇಲೂ ಮೆಮೊರಿ ಸಾಲದೆಂಬ ಸಂದೇಶ ಮೂಡುತ್ತಿತ್ತು. 1985ರಲ್ಲಿ ಲೋಟಸ್, ಇಂಟೆಲ್, ಮೈಕ್ರೋಸಾಫ್ಟ್ ಮೂರೂ ಸೇರಿ ಒಂದು ಉಪಾಯ ಕಂಡುಕೊಂಡವು. ಒಂದು ಎಂಬಿಯ ಆಚೆಗಿನ ಮೆಮೊರಿಯನ್ನು ತುಂಡು ತುಂಡಾಗಿ, ಮೀಸಲು ಜಾಗದ 64 ಕೆಬಿಯ ಕಿಟಕಿಯೊಂದರಲ್ಲಿ ಸರದಿಯ ಮೇಲೆ ತೋರಿಸುವುದು. ಲೆಕ್ಕದ ಹಾಳೆಗಳಿಗೆಂದು ಹುಟ್ಟಿದ ಈ ಉಪಾಯವನ್ನು ಗೇಮ್ ಬರೆಯುವವರು ತಮ್ಮದಾಗಿಸಿಕೊಂಡರು.

ಬೆಂಗಳೂರಿನ ಮಧ್ಯಮ ವರ್ಗಕ್ಕೆ ಕಂಪ್ಯೂಟರ್ ಕೈಗೆಟುಕಿದ್ದು ಸರಿಸುಮಾರು ಈ ಘಟ್ಟದಲ್ಲಿ, ಮನೆಯಲ್ಲಲ್ಲ, ತರಬೇತಿ ಕೇಂದ್ರಗಳಲ್ಲಿ. 1976ರಲ್ಲಿ ಶುರುವಾದ ರಾಜ್ಯ ಸರ್ಕಾರದ ಕಿಯೋನಿಕ್ಸ್, ಆಮೇಲೆ ಖಾಸಗಿ ಸಂಸ್ಥೆಗಳು, ಡಾಸ್ ಮತ್ತು ಡಿಬೇಸ್ ಕಲಿಸುತ್ತಿದ್ದವು. ಪಾಠ ಮುಗಿದು ಮೇಷ್ಟ್ರು ಅತ್ತ ಹೋದರೆ ಇತ್ತ ಫ್ಲಾಪಿಯಿಂದ ‘ಡಿಗ್ಗರ್’, ‘ಪ್ಯಾರಾಟ್ರೂಪರ್’, ‘ಡೇಂಜರಸ್ ಡೇವ್’, ‘ಪ್ರಿನ್ಸ್ ಆಫ್ ಪರ್ಷಿಯಾ’ ಹೊರಬರುತ್ತಿದ್ದವು. ಇವೆಲ್ಲ 640 ಕೆಬಿಯೊಳಗೆ ಆರಾಮವಾಗಿ ಕೂರುವ ಆಟಗಳು. ಲ್ಯಾಬಿನ ಮುದಿ ಯಂತ್ರದಲ್ಲೂ ಓಡುತ್ತವೆ ಎಂಬ ಕಾರಣಕ್ಕೇ ಇವು ಇಡೀ ಒಂದು ತಲೆಮಾರಿನ ನೆನಪಾಗಿ ಉಳಿದವು. ಯಾವ ಆಟ ಒಂದು ಊರಿನಲ್ಲಿ ಜನಪ್ರಿಯವಾಗುತ್ತದೆ ಎಂಬುದನ್ನು ಆಟದ ಗುಣಕ್ಕಿಂತ ಆ ಊರಿನ ಯಂತ್ರಗಳ ಮೆಮೊರಿಯೇ ಹೆಚ್ಚಾಗಿ ತೀರ್ಮಾನಿಸಿತು. ಈ ಮಾತು ಮುಂದಿನ ಮೂವತ್ತು ವರ್ಷವೂ ನಿಜವಾಗಿಯೇ ಉಳಿಯಿತು.

ಮುಂದಿನ ಆಟಗಳು ಅಷ್ಟು ಸೌಮ್ಯವಾಗಿರಲಿಲ್ಲ. 1992ರ ‘ವುಲ್ಫೆನ್‌ಸ್ಟೈನ್ 3ಡಿ’ಗೆ 640ರಲ್ಲಿ ಐನೂರಕ್ಕೂ ಹೆಚ್ಚು ಕೆಬಿ ಖಾಲಿ ಬೇಕಿತ್ತು. ಡಾಸ್ ತನ್ನ ಪಾಲು ತಿಂದು, ಮೌಸ್‌ನ ಡ್ರೈವರ್, ಸೌಂಡ್ ಕಾರ್ಡಿನ ಡ್ರೈವರ್, ಸಿಡಿ ಡ್ರೈವ್ ಇದ್ದರೆ ಅದರ ಎಂಎಸ್‌ಸಿಡಿಎಕ್ಸ್ ಎಲ್ಲ ಕೂತ ಮೇಲೆ ಅಷ್ಟು ಉಳಿಯುತ್ತಿರಲಿಲ್ಲ. 1991ರಲ್ಲಿ ಬಂದ ಡಾಸ್ 5 ಇದಕ್ಕೆ ಮದ್ದು ತಂದಿತು: ಹೈಮೆಮ್, ಇಎಂಎಂ386 ಎಂಬ ಎರಡು ಫೈಲುಗಳು, ಕಾನ್ಫಿಗ್.ಸಿಸ್‌ನಲ್ಲಿ ‘ಡಾಸ್=ಹೈ’ ಎಂಬ ಒಂದು ಸಾಲು. ಡಾಸ್ ತಾನೇ ಎದ್ದು ಮೇಲಿನ ಮಹಡಿಗೆ ಹೋಗಿ ಕೂತು ಕೆಳಗೆ ಜಾಗ ಬಿಟ್ಟುಕೊಡುತ್ತಿತ್ತು. ಡ್ರೈವರುಗಳನ್ನೂ ಒಂದೊಂದಾಗಿ ಮೇಲಕ್ಕೆ ಹತ್ತಿಸಬಹುದಿತ್ತು. ಆದರೆ ಯಾವುದನ್ನು ಮೊದಲು ಹತ್ತಿಸಬೇಕೆಂಬ ಸರದಿ ತಪ್ಪಿದರೆ ಜಾಗ ಸಾಲುತ್ತಿರಲಿಲ್ಲ. ‘ಮೆಮ್’ ಎಂದು ಟೈಪಿಸಿ ಎಷ್ಟು ಉಳಿದಿದೆ ನೋಡುವುದು, ಒಂದು ಸಾಲು ಆಚೀಚೆ ಮಾಡಿ ರೀಸ್ಟಾರ್ಟ್ ಮಾಡುವುದು, ಮತ್ತೆ ನೋಡುವುದು. ಕೆಲವು ಕೆಬಿ ಗಿಟ್ಟಿಸಲು ಒಂದು ಭಾನುವಾರ ಪೂರ್ತಿ ಹೋಗುತ್ತಿತ್ತು. ಕಂಪ್ಯೂಟರಿನ ಒಳಗುಟ್ಟನ್ನು ಪಠ್ಯಪುಸ್ತಕಕ್ಕಿಂತ ಹೆಚ್ಚಾಗಿ ಕಲಿಸಿದ್ದು ಈ ಕಸರತ್ತೇ ಎಂದರೆ ತಪ್ಪಾಗಲಾರದು.

ಎಲ್ಲ ಆಟಕ್ಕೂ ಒಂದೇ ಮದ್ದು ಹಿಡಿಸುತ್ತಲೂ ಇರಲಿಲ್ಲ. 1992ರಲ್ಲೇ ಬಂದ ‘ಅಲ್ಟಿಮಾ 7’ ತನ್ನದೇ ‘ವೂಡೂ’ ಎಂಬ ಮೆಮೊರಿ ವ್ಯವಸ್ಥೆ ತಂದಿತ್ತು. ಅದಕ್ಕೂ ಇಎಂಎಂ386ಗೂ ಎಣ್ಣೆ ಸೀಗೆಕಾಯಿ. ಒಂದು ಆಟಕ್ಕೆ ಇಎಂಎಂ386 ಇರಲೇಬೇಕು, ಇನ್ನೊಂದಕ್ಕೆ ಇರಲೇಬಾರದು. ಹಾಗಾಗಿ ಆಟಕ್ಕೊಂದು ಬೂಟ್ ಫ್ಲಾಪಿ ಮಾಡಿಟ್ಟುಕೊಳ್ಳುವುದು ವಾಡಿಕೆಯಾಯಿತು. 1993ರ ಡಾಸ್ 6ರಲ್ಲಿ ಕಾನ್ಫಿಗ್.ಸಿಸ್‌ಗೇ ಮೆನು ಬರೆಯುವ ಸೌಲಭ್ಯ ಬಂತು. ಯಂತ್ರ ಹೊತ್ತಿಸಿದೊಡನೆ ‘1 ಆಫೀಸ್, 2 ಗೇಮ್’ ಎಂದು ಕೇಳುವಂತೆ ಮಾಡಿದವರು ತಮ್ಮ ಬೀದಿಯಲ್ಲಿ ದೊಡ್ಡ ತಂತ್ರಜ್ಞರೆನಿಸಿಕೊಂಡರು.

ಆ ವರ್ಷದ ಡಿಸೆಂಬರ್ 10ರಂದು ಹೊರಬಂದ ‘ಡೂಮ್’ ಈ ಇಡೀ ಪಂಚಾಯಿತಿಯನ್ನೇ ಬದಿಗೊತ್ತಿತು. ಡಾಸ್ ಮೇಲೆಯೇ ಓಡುತ್ತಿದ್ದರೂ ಅದು ಡಾಸ್/4ಜಿಡಬ್ಲ್ಯು ಎಂಬ ಸಹಾಯಕ ಪ್ರೋಗ್ರಾಂ ಮೂಲಕ ಚಿಪ್ಪನ್ನು 32 ಬಿಟ್ ಸ್ಥಿತಿಗೆ ದೂಡಿ, ಇದ್ದ ರ‍್ಯಾಮ್ ಅಷ್ಟನ್ನೂ ಒಂದೇ ಉದ್ದಕ್ಕೆ ಬಳಸುತ್ತಿತ್ತು. 640ರ ಗೆರೆ ಅದಕ್ಕೆ ಇಲ್ಲವೇ ಇಲ್ಲ. ಬದಲಿಗೆ ಅದು ಕೇಳಿದ್ದು ಅಪ್ಪಟ ನಾಲ್ಕು ಎಂಬಿ. ಈಗ ಅಡ್ಡ ಬಂದದ್ದು ದುಡ್ಡು. ಅದೇ ವರ್ಷದ ಜುಲೈನಲ್ಲಿ ಜಪಾನಿನ ನೀಹಾಮದಲ್ಲಿ ಸುಮಿಟೊಮೊ ಕೆಮಿಕಲ್‌ನ ಕಾರ್ಖಾನೆ ಸ್ಫೋಟಗೊಂಡಿತ್ತು. ಚಿಪ್ಪುಗಳನ್ನು ಮುಚ್ಚುವ ಎಪಾಕ್ಸಿ ರಾಳದ ಬಹುಪಾಲು ತಯಾರಾಗುತ್ತಿದ್ದದ್ದು ಅಲ್ಲೇ. ಜಗತ್ತಿನ ಪೇಟೆಗಳಲ್ಲೆಲ್ಲ ಮೆಮೊರಿಯ ಬೆಲೆ ಜಿಗಿಯಿತು. ಭಾರತದಲ್ಲಿ ಅದರ ಮೇಲೆ ಆಮದು ಸುಂಕ ಬೇರೆ. 1997ರಲ್ಲಿ ಭಾರತ ವಿಶ್ವ ವ್ಯಾಪಾರ ಸಂಸ್ಥೆಯ ಮಾಹಿತಿ ತಂತ್ರಜ್ಞಾನ ಒಪ್ಪಂದಕ್ಕೆ ಸೇರಿದ ಮೇಲೆ ಆ ಸುಂಕ ಹಂತ ಹಂತವಾಗಿ ಇಳಿದು 2005ರ ಹೊತ್ತಿಗೆ ಸೊನ್ನೆಯಾಯಿತು. ಎಸ್.ಪಿ. ರೋಡ್‌ನ ಅಸೆಂಬಲ್ಡ್ ಸಿಸ್ಟಂ ಮಧ್ಯಮ ವರ್ಗದ ಮನೆಗೆ ಬಂದು ಕೂರಲು ಈ ಒಪ್ಪಂದವೂ ಒಂದು ಕಾರಣ. ಗೇಮ್‌ಗಳ ಇತಿಹಾಸ ಬರೆಯುವವರು ಸಾಮಾನ್ಯವಾಗಿ ಸುಂಕದ ಪಟ್ಟಿ ನೋಡುವುದಿಲ್ಲ. ನೋಡಬೇಕು.

1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಇಂಟರ್ನೆಟ್ ಸಾರ್ವಜನಿಕರಿಗೆ ತೆರೆಯಿತು. ಮರುವರ್ಷ ಬ್ರಿಗೇಡ್ ರಸ್ತೆಯಲ್ಲಿ ಶುರುವಾದ ಮೊದಲ ಕೆಫೆ ಕಾಫಿ ಡೇ, ಕಾಫಿಯ ಜೊತೆ ಇಂಟರ್ನೆಟ್ ಮಾರಿದ ಸೈಬರ್ ಕೆಫೆಯೇ ಆಗಿತ್ತು. 1998ರ ಕೊನೆಯಲ್ಲಿ ಖಾಸಗಿ ಕಂಪನಿಗಳಿಗೂ ಇಂಟರ್ನೆಟ್ ಸೇವೆಗೆ ಅನುಮತಿ ಸಿಕ್ಕ ಮೇಲೆ ಕೆಫೆಗಳು ಬಡಾವಣೆಗಳಿಗೆ ಇಳಿದವು. ಜಯನಗರ, ಬನಶಂಕರಿ, ಜೆ.ಪಿ. ನಗರದ ಮುಖ್ಯರಸ್ತೆಗಳಲ್ಲಿ ಝೆರಾಕ್ಸ್, ಎಸ್‌ಟಿಡಿ, ಡಿಟಿಪಿ, ಬ್ರೌಸಿಂಗ್ ಎಲ್ಲ ಒಂದೇ ಬೋರ್ಡಿನ ಮೇಲೆ ಬಂದವು. ಬೆಳಿಗ್ಗೆ ಶೇಷಾದ್ರಿವಾಸು ಅವರ ‘ಬರಹ’ದಲ್ಲಿ ಗೃಹಪ್ರವೇಶದ ಕರೆಯೋಲೆ ಟೈಪಾಗುತ್ತಿದ್ದ ಯಂತ್ರದಲ್ಲೇ ಸಂಜೆ ಕಾಲೇಜು ಬಿಟ್ಟ ಮೇಲೆ ‘ಏಜ್ ಆಫ್ ಎಂಪೈರ್ಸ್’ ಮತ್ತು ‘ಕೌಂಟರ್ ಸ್ಟ್ರೈಕ್’. ಗಂಟೆಗೆ ಹತ್ತೋ ಇಪ್ಪತ್ತೋ ರೂಪಾಯಿ. ಬ್ರೌಸಿಂಗ್‌ಗೆ ಬರುವವನು ಒಬ್ಬನೇ ಬರುತ್ತಾನೆ, ಗೇಮ್‌ಗೆ ಎಂಟು ಜನ ಒಟ್ಟಿಗೆ ಬರುತ್ತಾರೆ. ಲಾಭ ಎಲ್ಲಿದೆ ಎಂಬುದು ಮಾಲೀಕರಿಗೆ ಬೇಗ ತಿಳಿಯಿತು.

ಆ ಕೆಫೆಗಳ ವಿಂಡೋಸ್ 98ಕ್ಕೆ ಎರಡು ವಿಚಿತ್ರ ರೋಗಗಳಿದ್ದವು. ಮೊದಲನೆಯದು ಕಡಿಮೆ ರ‍್ಯಾಮ್ ಇದ್ದವರಿಗೂ ಹೆಚ್ಚು ಇದ್ದವರಿಗೂ ಸಮಾನವಾಗಿ ಬರುತ್ತಿತ್ತು. ಕಿಟಕಿ, ಬಟನ್, ಚಿತ್ರಗಳ ಲೆಕ್ಕ ಇಡಲು ಅದು ಬಳಸುತ್ತಿದ್ದ ಕೆಲವು ಒಳಪೆಟ್ಟಿಗೆಗಳ ಗಾತ್ರ ಕೇವಲ 64 ಕೆಬಿ, 16 ಬಿಟ್ ಕಾಲದ ಪಳೆಯುಳಿಕೆ. ಅದು ತುಂಬಿದರೆ 128 ಎಂಬಿ ಖಾಲಿ ಬಿದ್ದಿದ್ದರೂ ‘ರಿಸೋರ್ಸ್ ಸಾಲದು’ ಎಂಬ ದೂರು. ಬೆಳಗಿನಿಂದ ಓಡಿದ ಯಂತ್ರವನ್ನು ಗೇಮ್ ಹಾಕುವ ಮುನ್ನ ಒಮ್ಮೆ ರೀಸ್ಟಾರ್ಟ್ ಮಾಡುವ ಕೆಫೆಯ ಪದ್ಧತಿಗೆ ಇದೇ ಮೂಲ. ಎರಡನೆಯದು ಶ್ರೀಮಂತರ ರೋಗ. 512 ಎಂಬಿಗಿಂತ ಹೆಚ್ಚು ರ‍್ಯಾಮ್ ಹಾಕಿದರೆ ವಿಂಡೋಸ್ 98 ಡಿಸ್ಕಿನ ಕ್ಯಾಶೆಗೆಂದು ವಿಳಾಸಗಳನ್ನು ವಿಪರೀತ ಬಳಿದುಕೊಂಡು, ಮೆಮೊರಿ ಸಾಲದೆಂದು ಕೂಗುತ್ತಿತ್ತು. ಹೆಚ್ಚು ಇದ್ದದ್ದೇ ಕೊರತೆಗೆ ಕಾರಣ! ಸಿಸ್ಟಂ.ಐಎನ್‌ಐ ಫೈಲಿನಲ್ಲಿ ವಿಕ್ಯಾಶೆ ಎಂಬ ತಲೆಬರಹದಡಿ ಒಂದು ಸಂಖ್ಯೆ ಬರೆದರೆ ಸರಿಹೋಗುತ್ತಿತ್ತು. ಗೊತ್ತಿದ್ದ ಮೆಕ್ಯಾನಿಕ್ ಅದಕ್ಕೆ ಸರ್ವಿಸ್ ಚಾರ್ಜ್ ತೆಗೆದುಕೊಂಡ, ಗೊತ್ತಿಲ್ಲದವನು ‘ಫಾರ್ಮ್ಯಾಟ್ ಹೊಡೀಬೇಕು’ ಎಂದ.

ವಿಂಡೋಸ್ ಎಕ್ಸ್‌ಪಿ ಬಂದ ಮೇಲೆ ಕೆಲವು ವರ್ಷ ನೆಮ್ಮದಿ. 2003ರ ‘ವೈಸ್ ಸಿಟಿ’ಗೆ 128 ಎಂಬಿ ಸಾಕಿತ್ತು, 2005ರ ‘ಸ್ಯಾನ್ ಆಂಡ್ರಿಯಾಸ್’ಗೆ 256. ಅಷ್ಟೂ ಇಲ್ಲದ ಕಡೆ ಎಕ್ಸ್‌ಪಿ ಹಾರ್ಡ್ ಡಿಸ್ಕಿನ ಒಂದು ಭಾಗವನ್ನೇ ಮೆಮೊರಿಯೆಂದು ನಂಬಿಸಿ ಓಡಿಸುತ್ತಿತ್ತು. ಬೈಕು ಸಿಗ್ನಲ್ ತಿರುಗುವಾಗ ಆಟ ನಿಂತು, ಡಿಸ್ಕಿನ ಕೆಂಪು ದೀಪ ಪಟಪಟ ಹೊಡೆದುಕೊಂಡು, ಆಮೇಲೆ ರಸ್ತೆ ಮೂಡುತ್ತಿತ್ತು. ಕೌಂಟರ್ ಸ್ಟ್ರೈಕ್ ಆಡುವವರು ಶಾರ್ಟ್‌ಕಟ್‌ನಲ್ಲಿ ‘ಹೀಪ್‌ಸೈಜ್’ ಎಂದು ಒಂದು ಸಂಖ್ಯೆ ಸೇರಿಸಿ ಆಟಕ್ಕೆ ಹೆಚ್ಚು ಮೆಮೊರಿ ಕೊಡಿಸುತ್ತಿದ್ದರು. ಆ ಸಂಖ್ಯೆ ಎಷ್ಟಿರಬೇಕು ಎಂಬ ಬಗ್ಗೆ ಕೆಫೆಗೊಂದು ಸಂಪ್ರದಾಯ. ಕೆಲವು ಕೆಫೆಗಳಲ್ಲಿ ಸಿಪಿಯು ಪೆಟ್ಟಿಗೆಗೆ ಬೀಗ ಬಿದ್ದಿರುತ್ತಿತ್ತು, ರ‍್ಯಾಮ್ ಕಿಸೆಗೆ ಹೋಗುವ ವಸ್ತು. ಸಿಸ್ಟಂ ಆನ್ ಆಗದೆ ಬೀಪ್ ಹೊಡೆದರೆ ಮೊದಲ ಚಿಕಿತ್ಸೆ, ರ‍್ಯಾಮ್ ಕಿತ್ತು ಅದರ ಹಳದಿ ಪಟ್ಟಿಯನ್ನು ಶಾಲೆಯ ಎರೇಸರ್‌ನಿಂದ ಉಜ್ಜಿ ಮತ್ತೆ ಒತ್ತಿ ಕೂರಿಸುವುದು. ಇಂದಿಗೂ ಅದೇ ಚಿಕಿತ್ಸೆ, ಇಂದಿಗೂ ಕೆಲಸ ಮಾಡುತ್ತದೆ.

ಇದೇ ಹೊತ್ತಿಗೆ ಮೆಮೊರಿಯ ಗೆರೆ ಬೇರೆ ರೂಪ ತಾಳುತ್ತಿತ್ತು. ಇದುವರೆಗಿನ ಮಿತಿಗಳು ಚಿಪ್ಪಿನಿಂದ ಅಥವಾ ಹಳೆಯ ನಿರ್ಧಾರದಿಂದ ಬಂದವು. ಈಗ ದರಪಟ್ಟಿಯಿಂದಲೂ ಬರತೊಡಗಿದವು. ಭಾರತದಂಥ ದೇಶಗಳಿಗೆಂದು ಮೈಕ್ರೋಸಾಫ್ಟ್ ‘ಎಕ್ಸ್‌ಪಿ ಸ್ಟಾರ್ಟರ್’ ತಂದಿತು, 2005ರಲ್ಲಿ ಇಲ್ಲಿ ಅದು ಹಿಂದಿಯಲ್ಲಿ ಬಂತು. ಬೆಲೆ ಕಡಿಮೆ, ಆದರೆ ಏಕಕಾಲಕ್ಕೆ ಮೂರೇ ಪ್ರೋಗ್ರಾಂ, ರ‍್ಯಾಮ್‌ಗೂ ಗೆರೆ. 2009ರ ವಿಂಡೋಸ್ 7ರಲ್ಲಿ ಇದು ಇನ್ನೂ ಅಚ್ಚುಕಟ್ಟಾಯಿತು. ಸ್ಟಾರ್ಟರ್‌ಗೆ 2 ಜಿಬಿ. ಭಾರತದಂಥ ಪೇಟೆಗಳಿಗಷ್ಟೇ ಮೀಸಲಾದ ಹೋಮ್ ಬೇಸಿಕ್‌ಗೆ, 64 ಬಿಟ್ ಆದರೂ, 8 ಜಿಬಿ. ಹೋಮ್ ಪ್ರೀಮಿಯಂಗೆ 16, ಪ್ರೊಫೆಷನಲ್‌ಗೆ 192. ಚಿಪ್ ಅದೇ, ಮದರ್‌ಬೋರ್ಡು ಅದೇ, ವಿಂಡೋಸ್‌ನ ತಿರುಳೂ ಅದೇ. ಕೊಟ್ಟ ದುಡ್ಡಿಗೆ ತಕ್ಕ ಮೆಮೊರಿ. ಮಜಾ ಎಂದರೆ ಈ ದರಪಟ್ಟಿ ದಕ್ಷಿಣ ಬೆಂಗಳೂರಿನ ಬಹಳಷ್ಟು ಹುಡುಗರನ್ನು ತಟ್ಟಲೇ ಇಲ್ಲ, ಅವರ ಯಂತ್ರಗಳಲ್ಲಿ ಕೂತಿದ್ದದ್ದು ಯಾರೋ ಬರೆದುಕೊಟ್ಟ ಡಿವಿಡಿಯ ‘ಅಲ್ಟಿಮೇಟ್’. ಕಾಸು ಕೊಟ್ಟು ಬ್ರಾಂಡೆಡ್ ಲ್ಯಾಪ್‌ಟಾಪ್ ಕೊಂಡ ಪ್ರಾಮಾಣಿಕನಿಗೆ ಬೇಸಿಕ್ ಗತಿ.

ನಿಜವಾದ ಗೋಡೆ ನಾಲ್ಕು ಜಿಬಿಯದು. 32 ಬಿಟ್‌ನ ವಿಳಾಸಗಳು 4,29,49,67,296ಕ್ಕೆ ಮುಗಿಯುತ್ತವೆ. 1985ರಲ್ಲಿ ಆಕಾಶದಷ್ಟು ದೊಡ್ಡದಾಗಿ ಕಂಡ ಈ ಅಂಕಿ 2007ರ ಹೊತ್ತಿಗೆ ಎಸ್.ಪಿ. ರೋಡ್‌ನ ಕೌಂಟರ್ ಮೇಲೆ ಬಂದು ಕೂತಿತು. ಎರಡೆರಡು ಜಿಬಿಯ ಎರಡು ರ‍್ಯಾಮ್ ಹಾಕಿಸಿಕೊಂಡು ಮನೆಗೆ ಬಂದು ‘ಮೈ ಕಂಪ್ಯೂಟರ್’ ಪ್ರಾಪರ್ಟೀಸ್ ನೋಡಿದರೆ 3.25 ಜಿಬಿ. ‘ಅಂಗಡಿಯವನು ಟೋಪಿ ಹಾಕಿದ ಮಗಾ’ ಎಂದು ಮರುದಿನ ಜಗಳ. ಮುಕ್ಕಾಲು ಜಿಬಿ ಎಲ್ಲಿ ಹೋಯಿತೆಂದರೆ, 1981ರ ಮೀಸಲಾತಿಯೇ ಮತ್ತೆ ದೊಡ್ಡ ಅಳತೆಯಲ್ಲಿ ನಡೆದಿತ್ತು. ಗ್ರಾಫಿಕ್ಸ್ ಕಾರ್ಡ್, ಸೌಂಡ್, ನೆಟ್‌ವರ್ಕ್ ಎಲ್ಲಕ್ಕೂ ಆ ನಾಲ್ಕು ಜಿಬಿ ವಿಳಾಸಗಳಲ್ಲೇ ಜಾಗ ಕೊಡಬೇಕು. ಗ್ರಾಫಿಕ್ಸ್ ಕಾರ್ಡ್ ದೊಡ್ಡದಾದಷ್ಟೂ ರ‍್ಯಾಮ್ ಮಾಯ. 2008ರಲ್ಲಿ ಮೈಕ್ರೋಸಾಫ್ಟ್‌ನ ಮಾರ್ಕ್ ರಸಿನೊವಿಚ್ ಕೊಟ್ಟ ಉದಾಹರಣೆಯಲ್ಲಿ, ತಲಾ ಒಂದು ಜಿಬಿಯ ಎರಡು ಗ್ರಾಫಿಕ್ಸ್ ಕಾರ್ಡಿದ್ದ ಗೇಮಿಂಗ್ ಯಂತ್ರವೊಂದರ ನಾಲ್ಕು ಜಿಬಿಯಲ್ಲಿ 32 ಬಿಟ್ ವಿಂಡೋಸ್ ವಿಸ್ಟಾಗೆ ದಕ್ಕಿದ್ದು 2.2 ಜಿಬಿ ಮಾತ್ರ. ಗೇಮ್‌ಗೆಂದೇ ಹೆಚ್ಚು ಖರ್ಚು ಮಾಡಿದವನಿಗೇ ಹೆಚ್ಚು ನಷ್ಟ.

ಇಲ್ಲೊಂದು ಕುತೂಹಲದ ಸಂಗತಿಯಿದೆ. ಚಿಪ್ಪಿನ ಮಟ್ಟಿಗೆ ಹೇಳುವುದಾದರೆ ನಾಲ್ಕು ಜಿಬಿಯ ಗೋಡೆ 1995ರಲ್ಲೇ ಬಿದ್ದಿತ್ತು. ಆ ವರ್ಷದ ಪೆಂಟಿಯಂ ಪ್ರೊ ಚಿಪ್‌ಗೆ 36 ಬಿಟ್‌ನ ಭೌತಿಕ ವಿಳಾಸ, ಅಂದರೆ 64 ಜಿಬಿ, ಮುಟ್ಟುವ ದಾರಿಯಿತ್ತು. 32 ಬಿಟ್‌ನ ದುಬಾರಿ ಸರ್ವರ್ ವಿಂಡೋಸ್‌ಗಳು ಆ ದಾರಿ ಹಿಡಿದವು. ಮನೆಯ ಎಕ್ಸ್‌ಪಿಗೆ ಮಾತ್ರ, 2004ರ ಸರ್ವಿಸ್ ಪ್ಯಾಕ್ 2ರಿಂದ, ನಾಲ್ಕು ಜಿಬಿಯ ಆಚೆಗಿನ ಒಂದು ಬೈಟನ್ನೂ ಮುಟ್ಟದಂತೆ ಬೇಲಿ ಬಿತ್ತು. ಅಗ್ಗದ ಸೌಂಡ್ ಕಾರ್ಡು, ವಿಡಿಯೊ ಕಾರ್ಡುಗಳ ಡ್ರೈವರ್ ಬರೆದವರು ಅಷ್ಟು ದೊಡ್ಡ ವಿಳಾಸವನ್ನು ಊಹಿಸಿಯೇ ಇರಲಿಲ್ಲ, ಯಂತ್ರಗಳು ಕುಸಿಯುತ್ತಿದ್ದವು ಎಂಬುದು ಕಂಪನಿ ಕೊಟ್ಟ ಕಾರಣ. ಕಾರಣ ಸುಳ್ಳಲ್ಲ. ಆದರೆ ಸರ್ವರ್ ಕೊಂಡವರಿಗೆ ತೆರೆದಿದ್ದ ಬಾಗಿಲು ಆಟಗಾರನಿಗೆ ಮುಚ್ಚಿತ್ತು ಎಂಬುದೂ ಸುಳ್ಳಲ್ಲ.

ಇದಕ್ಕಿಂತ ಕಾಡಿದ್ದು ಒಳಗಿನ ಇನ್ನೊಂದು ಗೆರೆ. 32 ಬಿಟ್ ವಿಂಡೋಸ್ ಪ್ರತಿಯೊಂದು ಪ್ರೋಗ್ರಾಂಗೂ ನಾಲ್ಕು ಜಿಬಿ ವಿಳಾಸ ಕೊಟ್ಟಂತೆ ಮಾಡಿ, ಅರ್ಧವನ್ನು ತನಗೇ ಇಟ್ಟುಕೊಳ್ಳುತ್ತಿತ್ತು. ಆಟಕ್ಕೆ ಸಿಗುವುದು ಎರಡು ಜಿಬಿ, ಯಂತ್ರದಲ್ಲಿ ಎಷ್ಟೇ ಇರಲಿ. 2007ರ ‘ಸುಪ್ರೀಂ ಕಮಾಂಡರ್’ನಲ್ಲಿ ಸಾವಿರಾರು ಟ್ಯಾಂಕು, ವಿಮಾನಗಳ ಯುದ್ಧ ಗಂಟೆಗಟ್ಟಲೆ ನಡೆದು ಕೊನೆಯ ಘಟ್ಟ ಮುಟ್ಟುವಾಗ ಆಟವೇ ಮುಗುಚಿ ಡೆಸ್ಕ್‌ಟಾಪ್ ಕಾಣಿಸಿಕೊಳ್ಳುತ್ತಿತ್ತು. ಆ ಎರಡು ಜಿಬಿ ಭರ್ತಿಯಾಗಿರುತ್ತಿತ್ತು. ಹೊಸ ವಿಸ್ಟಾದಲ್ಲಿ ಇದು ಮೊದಮೊದಲು ಇನ್ನೂ ಹದಗೆಟ್ಟಿತು. ಗ್ರಾಫಿಕ್ಸ್ ಕಾರ್ಡಿನ ಮೆಮೊರಿಯ ನಕಲು ಲೆಕ್ಕವೂ ಆಟದ ಎರಡು ಜಿಬಿಯಲ್ಲೇ ಸೇರುತ್ತಿದ್ದರಿಂದ ಎಕ್ಸ್‌ಪಿಯಲ್ಲಿ ಓಡಿದ ಆಟ ವಿಸ್ಟಾದಲ್ಲಿ ಬೀಳುತ್ತಿತ್ತು. ಮೈಕ್ರೋಸಾಫ್ಟ್ ಆ ವರ್ಷವೇ ಪ್ಯಾಚ್ ಬಿಟ್ಟಿತು. ‘ವಿಸ್ಟಾ ಬೇಡ ಗುರು, ಎಕ್ಸ್‌ಪಿನೇ ಹಾಕ್ಕೊಡು’ ಎಂದು ಅಂಗಡಿಗಳಲ್ಲಿ ಕೇಳಿಬಂದ ಮಾತಿಗೆ ಬರೀ ಹಠವಲ್ಲದೆ ಇಂಥ ಗಟ್ಟಿ ಕಾರಣವೂ ಇತ್ತು.

ಮದ್ದು ಇತ್ತು, ಡಾಸ್ ಕಾಲದ್ದೇ ಜಾತಿಯದು. ಬೂಟ್.ಐಎನ್‌ಐ ಫೈಲಿನಲ್ಲಿ ‘/3ಜಿಬಿ’ ಎಂದು ಬರೆದರೆ ಆಟಕ್ಕೆ ಮೂರು ಜಿಬಿ ಸಿಗುತ್ತಿತ್ತು. ಆದರೆ ಆಟದ ಫೈಲಿನ ತಲೆಯಲ್ಲಿ ‘ದೊಡ್ಡ ವಿಳಾಸ ನನಗೆ ಗೊತ್ತು’ ಎಂದು ಹೇಳುವ ಒಂದೇ ಒಂದು ಬಿಟ್ ಗುರುತು ಇರಬೇಕು. ಅದಿಲ್ಲದ ಆಟಗಳಿಗೆ ಹೊರಗಿನವರು ಮಾಡಿದ ‘4 ಜಿಬಿ ಪ್ಯಾಚ್’ ಎಂಬ ಪುಟ್ಟ ಪ್ರೋಗ್ರಾಂ ಗುರುತು ಒತ್ತಿಕೊಡುತ್ತಿತ್ತು. 2011ರ ನವೆಂಬರ್‌ನಲ್ಲಿ ಬಂದ ‘ಸ್ಕೈರಿಮ್’ನಂಥ ದೊಡ್ಡ ಆಟದಲ್ಲೂ ಆ ಒಂದು ಬಿಟ್ ಇರಲಿಲ್ಲ. ಆಟಗಾರರೇ ಒತ್ತಿಕೊಂಡರು. ಡಿಸೆಂಬರ್‌ನಲ್ಲಿ ಕಂಪನಿಯ ಅಧಿಕೃತ ಪ್ಯಾಚ್ ಬಂತು. 2008ರ ಕೊನೆಯಲ್ಲಿ ಪಿಸಿಗೆ ಬಂದ ‘ಜಿಟಿಎ 4’ ಇನ್ನೊಂದು ತರಹ. ಕಾರ್ಡಿನಲ್ಲಿ ಇಷ್ಟು ಮೆಮೊರಿ ಇಲ್ಲದಿದ್ದರೆ ಗುಣಮಟ್ಟ ಏರಿಸಲು ಅದು ಬಿಡುತ್ತಲೇ ಇರಲಿಲ್ಲ. ಕಮಾಂಡ್‌ಲೈನ್ ಎಂಬ ಟೆಕ್ಸ್ಟ್ ಫೈಲು ಮಾಡಿ ‘ನೋರಿಸ್ಟ್ರಿಕ್ಷನ್ಸ್’ ಎಂದು ಬರೆದು ಆಟದ ಫೋಲ್ಡರಿಗೆ ಹಾಕುವುದು ಪೆನ್‌ಡ್ರೈವ್‌ನಿಂದ ಪೆನ್‌ಡ್ರೈವ್‌ಗೆ ದಾಟಿದ ಜ್ಞಾನ.

ಆ ಆಟ ಮಾಡಿದ ರಾಕ್‌ಸ್ಟಾರ್ ಕಂಪನಿಯ ಸ್ಟುಡಿಯೊ 2016ರಿಂದ ಬೆಂಗಳೂರಿನಲ್ಲೇ ಇದೆ. 2019ರಲ್ಲಿ ಅದು ರಾಜೇಶ್ ರಾವ್ ಕಟ್ಟಿದ ಧ್ರುವ ಇಂಟರಾಕ್ಟಿವ್ ಅನ್ನು ಕೊಂಡು ತನ್ನೊಳಗೆ ಸೇರಿಸಿಕೊಂಡಿತು. ತೊಂಬತ್ತರ ದಶಕದಲ್ಲಿ ಶುರುವಾದ ಧ್ರುವ, ದೇಶದ ಮೊದಮೊದಲ ಗೇಮ್ ಕಂಪನಿಗಳಲ್ಲೊಂದು, ವಿದೇಶಿ ಆಟಗಳಿಗೆ ಕಾರು, ಕಟ್ಟಡ, ರಸ್ತೆಗಳ ಚಿತ್ರ ಮಾಡಿಕೊಡುತ್ತಿತ್ತು. ಅಂಥ ಕೆಲಸದಲ್ಲಿ ಕಲಾವಿದನ ಕೈಕಟ್ಟುವುದು ಮೆಮೊರಿಯ ಬಜೆಟ್. ಪ್ಲೇಸ್ಟೇಷನ್ 2ರಲ್ಲಿ ಇದ್ದದ್ದು 32 ಎಂಬಿ, 2005ರ ಎಕ್ಸ್‌ಬಾಕ್ಸ್ 360ರಲ್ಲಿ 512 ಎಂಬಿ, ಅದೂ ಚಿತ್ರಕ್ಕೂ ಆಟಕ್ಕೂ ಸೇರಿ. ಪಿಸಿಯ ಎರಡು ಜಿಬಿ ಗೋಡೆ ಅಷ್ಟು ವರ್ಷ ತಾಳಿಕೊಂಡದ್ದಕ್ಕೆ ಮುಖ್ಯ ಕಾರಣವೂ ಇಲ್ಲಿದೆ. ದೊಡ್ಡ ಆಟಗಳೆಲ್ಲ ಆ 512 ಎಂಬಿಯ ಪೆಟ್ಟಿಗೆಗಳಲ್ಲೂ ಓಡಬೇಕಿತ್ತು, ಹಾಗಾಗಿ ಪಿಸಿಯಲ್ಲಿ ಎರಡು ಜಿಬಿ ಮೀರುವ ಸಂದರ್ಭವೇ ಅಪರೂಪ. ‘ಫಾರ್ ಕ್ರೈ’ಗೆ 2005ರಲ್ಲೇ 64 ಬಿಟ್ ಪ್ಯಾಚ್ ಬಂದಿತ್ತು, 2007ರ ‘ಕ್ರೈಸಿಸ್’ ಡಿಸ್ಕಿನಲ್ಲೇ 64 ಬಿಟ್ ಆವೃತ್ತಿ ಇತ್ತು. ಆದರೂ ಉಳಿದವರು ಮುಂದೆ ಬರಲಿಲ್ಲ.

2013ರ ನವೆಂಬರ್‌ನಲ್ಲಿ 8 ಜಿಬಿಯ ಪ್ಲೇಸ್ಟೇಷನ್ 4 ಮತ್ತು ಎಕ್ಸ್‌ಬಾಕ್ಸ್ ಒನ್ ಬಂದವು. ಅಲ್ಲಿಗೆ 32 ಬಿಟ್ ಕಥೆ ಮುಗಿಯಿತು. ಅದೇ ತಿಂಗಳ ‘ಕಾಲ್ ಆಫ್ ಡ್ಯೂಟಿ: ಘೋಸ್ಟ್ಸ್’ 64 ಬಿಟ್ ವಿಂಡೋಸ್ ಮತ್ತು 6 ಜಿಬಿ ರ‍್ಯಾಮ್ ಇಲ್ಲದೆ ತೆರೆಯಲೇ ಒಪ್ಪಲಿಲ್ಲ. ಆ ಪರೀಕ್ಷೆಯನ್ನು ಆಟಗಾರರು ಬೇಗನೆ ಕಿತ್ತುಹಾಕಿ, 4 ಜಿಬಿಯಲ್ಲೂ ಅದು ಓಡುತ್ತದೆಂದು ತೋರಿಸಿದರು. ಕಂಪನಿಯೂ ಮಿತಿ ಇಳಿಸಿತು. 2015ರಲ್ಲಿ ಪಿಸಿಗೆ ಬಂದ ‘ಜಿಟಿಎ 5’ಕ್ಕೆ 64 ಬಿಟ್ ಕಡ್ಡಾಯ. ಕೆಫೆಗಳಿಗೆ ಇದು ಕಷ್ಟದ ಹೊಡೆತ. ಎಕ್ಸ್‌ಪಿ ಹಾಕಿಕೊಂಡು ‘ಕೌಂಟರ್ ಸ್ಟ್ರೈಕ್ 1.6’, ‘ಡೋಟಾ’, ‘ಇಎ ಕ್ರಿಕೆಟ್ 07’ ಓಡಿಸುತ್ತಿದ್ದ ಹಳೆಯ ಯಂತ್ರಗಳನ್ನು ಒಟ್ಟಿಗೇ ಬದಲಿಸಬೇಕು. 2011ರ ಕೇಂದ್ರ ನಿಯಮಗಳು ಗುರುತಿನ ಚೀಟಿ, ಲಾಗ್ ಪುಸ್ತಕ, ನಾಲ್ಕೂವರೆ ಅಡಿಗಿಂತ ಎತ್ತರವಲ್ಲದ ತಡಿಕೆ ಎಂದೆಲ್ಲ ಕೇಳಿದ್ದವು. 2016ರಲ್ಲಿ ಜಿಯೊ ಬಂದು ಬ್ರೌಸಿಂಗ್ ಗಿರಾಕಿಯನ್ನೇ ಒಯ್ದಿತು. ಬಡಾವಣೆಯ ಸಣ್ಣ ಕೆಫೆಗಳು ಆಧಾರ್, ಪಾನ್ ಅರ್ಜಿ ತುಂಬುವ ಆನ್‌ಲೈನ್ ಸೇವಾ ಅಂಗಡಿಗಳಾದವು. ಗೇಮ್ ಅನ್ನೇ ನೆಚ್ಚಿಕೊಂಡವು ದುಬಾರಿ ಕುರ್ಚಿ, ಬಣ್ಣದ ದೀಪಗಳ ಗೇಮಿಂಗ್ ಲೌಂಜ್ ಆಗಿ ಬೇರೆ ವರ್ಗದ ಹುಡುಗರಿಗೆ ಬಾಗಿಲು ತೆರೆದವು.

ಉಳಿದವರ ಆಟ ಫೋನಿಗೆ ಬಂತು, ಮಿತಿಯೂ ಹಿಂದೆಯೇ ಬಂತು. ಆಂಡ್ರಾಯ್ಡ್ ಮೆಮೊರಿ ಸಾಲದಾದಾಗ ಎಚ್ಚರಿಕೆ ಕೊಡುವುದಿಲ್ಲ, ಹಿನ್ನೆಲೆಯಲ್ಲಿರುವ ಆ್ಯಪ್‌ಗಳನ್ನು ಸದ್ದಿಲ್ಲದೆ ಕೊಲ್ಲುತ್ತದೆ. ಪಬ್‌ಜಿ ಆಡುತ್ತ ನಡುವೆ ಅಮ್ಮನ ವಾಟ್ಸ್ಆ್ಯಪ್ ಸಂದೇಶ ನೋಡಿ ಮರಳುವಷ್ಟರಲ್ಲಿ ಆಟ ಮೊದಲಿನಿಂದ ಶುರುವಾಗಿರುತ್ತಿತ್ತು. 2019ರಲ್ಲಿ ಕಡಿಮೆ ರ‍್ಯಾಮ್‌ನ ಫೋನುಗಳಿಗೆಂದೇ ‘ಪಬ್‌ಜಿ ಮೊಬೈಲ್ ಲೈಟ್’ ಭಾರತಕ್ಕೆ ಬಂತು. ಮರುವರ್ಷ ಸೆಪ್ಟೆಂಬರ್ 2ರಂದು ಸರ್ಕಾರ ಎರಡನ್ನೂ ನಿಷೇಧಿಸಿತು. ಕರ್ನಾಟಕದ ಹಳ್ಳಿ ಪೇಟೆಗಳಲ್ಲಿ ಇನ್ನೊಂದು ಗೀಳು ‘ಬಸ್ ಸಿಮ್ಯುಲೇಟರ್ ಇಂಡೋನೇಷ್ಯಾ’. ಆ ಆಟದ ಬಸ್ಸುಗಳಿಗೆ ಕೆಎಸ್‌ಆರ್‌ಟಿಸಿಯ ಕೆಂಪು ಬಸ್, ರಾಜಹಂಸ, ಐರಾವತದ ವೇಷ ತೊಡಿಸುವ ಮಾಡ್‌ಗಳನ್ನು ಹುಡುಗರೇ ಮಾಡಿ ಹಂಚುತ್ತಾರೆ. ಐರಾವತದ ಮಾದರಿ ಚೆಂದವಾದಷ್ಟೂ ಭಾರ, ಎರಡು ಜಿಬಿಯ ಫೋನಿನಲ್ಲಿ ಬಸ್ಸು ನಿಲ್ದಾಣ ಬಿಡುವ ಮೊದಲೇ ಆಟ ನಿಲ್ಲುತ್ತದೆ.

ಲಿನಕ್ಸ್ ಬಳಸುವವರು ತಮಗೆ ಇಂಥ ಗೆರೆ ಇಲ್ಲವೆಂದು ಬೀಗುವುದುಂಟು. ಅಲ್ಲೂ ಇತ್ತು. ಒಂದು ಪ್ರೋಗ್ರಾಂ ಮೆಮೊರಿಯನ್ನು ಎಷ್ಟು ತುಂಡುಗಳಾಗಿ ಹಿಡಿದುಕೊಳ್ಳಬಹುದು ಎಂಬ ಮಿತಿ ದಶಕಗಳಿಂದ 65,530ರಲ್ಲಿ ನಿಂತಿತ್ತು. ‘ಹಾಗ್ವರ್ಟ್ಸ್ ಲೆಗಸಿ’, ‘ಕೌಂಟರ್ ಸ್ಟ್ರೈಕ್ 2’ರಂಥ ಆಟಗಳು ಅದನ್ನು ದಾಟಿ ಬಿದ್ದಾಗ 2023ರ ಫೆಡೋರಾ 39, ಮರುವರ್ಷದ ಉಬುಂಟು 24.04 ಆ ಸಂಖ್ಯೆಯನ್ನು 10,48,576ಕ್ಕೆ ಏರಿಸಿದವು. 1981ರಲ್ಲಿ 8088ರ ಇಪ್ಪತ್ತು ತಂತಿಗಳು ಹೇಳಿದ ಅದೇ ಅಂಕಿ.

ಸ್ಟೀಮ್ ಎಂಬ ಗೇಮ್ ಮಳಿಗೆ 2026ರ ಜನವರಿ 1ರಿಂದ 32 ಬಿಟ್ ವಿಂಡೋಸ್‌ಗೆ ಬೆಂಬಲ ನಿಲ್ಲಿಸುವುದಾಗಿ ಘೋಷಿಸಿತು. ಆಗ ಅದರ ಲೆಕ್ಕದಲ್ಲಿ ಅಂಥ ಯಂತ್ರಗಳು ಶೇಕಡಾ 0.01. ಗೆರೆ ಅಳಿಸಿತು ಎನ್ನುವ ಹೊತ್ತಿಗೆ ಬೆಲೆ ಮರಳಿ ಬಂದಿದೆ. ಎಐ ಡೇಟಾ ಸೆಂಟರುಗಳು ಮೆಮೊರಿ ಚಿಪ್ಪುಗಳನ್ನು ಬಾಚಿಕೊಳ್ಳತೊಡಗಿ 2025ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮ್ ದುಬಾರಿಯಾಯಿತು. ಡಿಸೆಂಬರ್‌ನಲ್ಲಿ ಮೈಕ್ರಾನ್ ಕಂಪನಿ ಮನೆಬಳಕೆಯವರಿಗೆ ಮಾರುತ್ತಿದ್ದ ತನ್ನ ಕ್ರೂಷಿಯಲ್ ಬ್ರಾಂಡನ್ನೇ ಕೈಬಿಡುವುದಾಗಿ ಪ್ರಕಟಿಸಿತು. ಹಳೆಯ ಯಂತ್ರಕ್ಕೆ ರ‍್ಯಾಮ್ ತರಲು ಈಗ ಕೆ.ಆರ್. ಮಾರ್ಕೆಟ್‌ನಲ್ಲಿ ಇಳಿಯುವವರು ಹೊರಡುವ ಮುನ್ನ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಂ, ಅದರಲ್ಲಿ ಅಬೌಟ್ ತೆರೆದು ನೋಡಿಕೊಳ್ಳುವುದು ಒಳ್ಳೆಯದು. ಅಲ್ಲಿ 32 ಬಿಟ್ ಎಂದಿದ್ದರೆ ಮೊದಲು ವಿಂಡೋಸ್ ಬದಲಿಸಿ, ಆಮೇಲೆ ದುಡ್ಡು ಬಿಚ್ಚಿ.